ಏಕತಾರಿಗೆ ಕಟ್ಟಿದ ಬಿಲ್ಲೆ

ನಮ್ಮ ಗಲ್ಲಿಯ ಮಹಿಳಾ ಭಜನಾ ಮಂಡಳಿಯಲ್ಲಿ ಎಲ್ಲರ ಮುಂದೆಯೂ ಒಂದೊಂದು ಮೈಕು ಇರುತ್ತಿತ್ತು, ನಮ್ಮತ್ತೆಯ ಮುಂದೆ ಮಾತ್ರ ಇರುತ್ತಿರಲಿಲ್ಲ. ಹಾಡುವ ಅಧ್ಯಕ್ಷೆಗೆ ಎರಡು. ಒಂದು ಕೆಟ್ಟರೆ ಊರಿಗೆ ನಷ್ಟವಾಗಬಾರದಲ್ಲ. ಹಾರ್ಮೋನಿಯಂ ಪೇಟಿಗೆ ಒಂದು, ಢೋಲಕಿಗೆ ಒಂದು, ತಾಳ ಕುಟ್ಟುವ ನನಗೂ ಕುತ್ತಿಗೆ ಮುರಿದ ಸ್ಟ್ಯಾಂಡಿನ ಮೇಲೊಂದು. ಅತ್ತೆ ಏಕತಾರಿ ಹಿಡಿದು ಹಿಂದಿನ ಸಾಲಿನಲ್ಲಿ, ಗೋಡೆ ಸಿಕ್ಕರೆ ಗೋಡೆಗೆ, ಪೆಂಡಾಲಿನ ಕಂಬ ಸಿಕ್ಕರೆ ಕಂಬಕ್ಕೆ ಬೆನ್ನು ಹಚ್ಚಿ ಕೂಡುತ್ತಿದ್ದಳು. ಏಕತಾರಿ ಎಂದರೆ ಏನು ಮಹಾ? ಒಂದು ಬುರುಡೆ, ಒಂದು ಬಿದಿರಿನ ಕೋಲು, ಒಂದು ತಂತಿ. ಹಾಡು ಸುರುವಾದಾಗಿನಿಂದ ಮುಗಿಯುವ ತನಕ ಒಂದೇ ಸ್ವರ. ಲೌಡ್‌ಸ್ಪೀಕರಿನ ಅಬ್ಬರದಲ್ಲಿ ಆ ಸ್ವರ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಲ್ಲಿ ಹೋಗುತ್ತಿತ್ತೋ ದೇವರಿಗೇ ಗೊತ್ತು.

ಈ ಬುರುಡೆ ಅತ್ತೆಯ ಜೊತೆ ಘೋಣಸಗಿಯ ತವರಿನಿಂದ ಬಂದದ್ದು. ಉಳಿದ ಸೊಸೆಯಂದಿರು ಎಮ್ಮೆ, ಹಂಡೆ, ಕೊಪ್ಪರಿಗೆ ತಂದ ಕಾಲದಲ್ಲಿ ಈಕೆ ಸೋರೆಬುರುಡೆ ತಂದಳೆಂದು ಆಕೆಯ ಅತ್ತೆ ಸಾಯುವ ತನಕ ಆಡಿಕೊಂಡಳಂತೆ. ಇದನ್ನು ನಮ್ಮತ್ತೆ ನನಗೆ ಹೇಳಿದ್ದು ಅನುಕಂಪಕ್ಕಾಗಿ ಅಲ್ಲ. ನಾನು ತವರಿನಿಂದ ಅದನ್ನೂ ತಂದಿಲ್ಲವೆಂದು ನೆನಪಿಸಲು. ಆಕೆಗೆ ಹಾಡುವ ದನಿ ಇಲ್ಲ. ಹರೆಯದಲ್ಲಾದರೂ ಇತ್ತೇ ಎಂದರೆ, ಆಗಲೂ ಇರಲಿಲ್ಲ ಎಂದು ಆಕೆಯ ಮಗನೇ, ಅಂದರೆ ನನ್ನ ಗಂಡನೇ, ಹೇಳುತ್ತಾನೆ. ಇದ್ದದ್ದು ಈ ತಂತಿಯೊಂದೇ. ಸೋಮವಾರ ಬುರುಡೆಗೆ ಕೊಬ್ಬರಿ ಎಣ್ಣೆ ಒರೆಸಿ, ಮೂರು ಬೆರಳಿನ ವಿಭೂತಿ ಎಳೆದು, ಹೂವಿನ ಮಾಲೆ ಏರಿಸಿ ಸಂಜೆ ತಾಲೀಮಿಗೆ ಹೊರಟಳೆಂದರೆ ಆಕೆಯ ನಡಿಗೆಯೇ ಬೇರೆ. ಮೊಣಕಾಲು ನೋವು ಆ ಹೊತ್ತಿಗೆ ರಜೆ ತೆಗೆದುಕೊಳ್ಳುತ್ತಿತ್ತು.

ಎಲ್ಲಕ್ಕೂ ಮೂಲ, ನಮ್ಮ ಅಧ್ಯಕ್ಷೆ ಬೇರೊಂದು ಮಂಡಳಿಯಲ್ಲಿ ಕರೆಂಟಿನ ಶ್ರುತಿಪೆಟ್ಟಿಗೆ ನೋಡಿ ಬಂದದ್ದು. ಒಂದು ತಾಲೀಮಿನ ದಿನ, ಚಹಾದ ಕಪ್ಪು ಕೆಳಗಿಟ್ಟು ಸುದ್ದಿ ತೆಗೆದಳು.

"ಒಂದು ಗುಂಡಿ ಒತ್ತಿದ್ರ ಆತು, ತಾಸುಗಟ್ಟಲೆ ತಾನ ಬಾರಿಸ್ತೈತ್ರಿ. ಅತ್ತಿಯವರಿಗೂ ಈಗ ನೆಲದ ಮ್ಯಾಲೆ ಕೂಡೂದು ತ್ರಾಸ ಆಕ್ಕೈತಿ. ಮುಂದ ಒಂದು ಖುರ್ಚಿ ಹಾಕಿ ಕೂಡ್ಸೂಣು, ಆರಾಮ ಕೇಳ್ಕೋತ ಕೂಡಲಿ."

"ನನಗ ತ್ರಾಸ ಆಗೈತಂತ ನಿನಗ ಯಾರು ಹೇಳಿದ್ರು?" ಎಂದಳು ಅತ್ತೆ.

"ಹಂಗಲ್ರಿ. ಖರೇ ಹೇಳಬೇಕಂದ್ರ, ನಿಮ್ಮದು ಕೇಳಸೂದ ಇಲ್ಲಲ್ರಿ."

ಅತ್ತೆ ಏಕತಾರಿ ಎತ್ತಿಕೊಂಡು ಎದ್ದು ಬಂದಳು. ಅದೇ ನನಗೆ ಗಾಬರಿ ಹುಟ್ಟಿಸಿತು, ಏಕೆಂದರೆ ಜಗಳ ಆಡದೆ ಎದ್ದು ಬರುವುದು ಆಕೆಯ ಜಾಯಮಾನವಲ್ಲ. ಮನೆಗೆ ಬಂದ ಮೇಲೆ ರೊಟ್ಟಿಗೆ ಕೂಡಲಿಲ್ಲ. ಏಕತಾರಿಯನ್ನು ಗೂಟಕ್ಕೆ ತೂಗುಹಾಕಿ ಅದರ ಕೆಳಗೇ ಕೂತಳು.

"ಕೇಳಸಂಗಿಲ್ಲಂತ. ಒಮ್ಮೆ ಕೇಳಸ್ಲಿ. ಕೇಳಿ, ಚಲೋ ಇಲ್ಲ ಅನ್ಲಿ, ನಾನ ಎದ್ದು ಬರ್ತೇನಿ. ಕೇಳದನ ಎಬ್ಬಸ್ತಾರಂದ್ರ ಅದ್ಯಾವ ನ್ಯಾಯ ಬೇ?"

ನನಗೂ ಅತ್ತೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಆ ಮಾತು ನನಗೆ ನ್ಯಾಯವೆನಿಸಿತು. ಆಕೆಯನ್ನು ಬೈಯುವ ಹಕ್ಕು ನನಗುಂಟು. ಇಷ್ಟು ವರ್ಷ ಆಕೆಯ ಕೈಯಲ್ಲಿ ಅನ್ನಿಸಿಕೊಂಡು ಗಳಿಸಿದ ಹಕ್ಕು ಅದು. ಗಲ್ಲಿಯವರಿಗೆ ಅದನ್ನು ಯಾರು ಕೊಟ್ಟರು? ಮರುದಿನ ನಾನೇ ಅಧ್ಯಕ್ಷೆಯ ಮನೆಗೆ ಹೋದೆ, ಆಕೆಯ ಹತ್ತಿರ ಅಲ್ಲ, ಆಕೆಯ ಗಂಡನ ಹತ್ತಿರ.

ಮಂಡಳಿಯ ಧ್ವನಿವರ್ಧಕ ಖಾತೆ ಅವರದು. ಯಾವುದೋ ಕಛೇರಿಯಲ್ಲಿ ಸಾಹೇಬರಾಗಿದ್ದು ನಿವೃತ್ತರಾದವರು, ಈಗಲೂ ಗಲ್ಲಿಯವರಿಗೆಲ್ಲ ಸಾಹೇಬರೇ. ಕೈಕೆಳಗೆ ಜನ ಇಲ್ಲದೆ ಹೋದರೆ ಇಂಥವರಿಗೆ ಕೈ ಕಡಿಯುತ್ತದೆ. ಅದಕ್ಕೆ ಸಾಲುಸಾಲು ಗುಂಡಿಗಳಿರುವ ಒಂದು ಡಬ್ಬಿ ಮುಂದಿಟ್ಟುಕೊಂಡು ಆ ಗುಂಡಿಗಳ ಮೇಲೆ ಅಧಿಕಾರ ನಡೆಸುತ್ತಿದ್ದರು. ಎಲ್ಲ ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆ.

"ಏಕತಾರಿಗೆ ಸಾದಾ ಮೈಕು ನಡಿಯಂಗಿಲ್ಲ," ಎಂದರು. "ಸೌಂಡ್ ಏರಿಸಿದ್ರ ಕುಂಯ್ ಅಂತ ಸೀಟಿ ಹೊಡೀತೈತಿ. ಇದಕ್ಕ ಕಾಂಟ್ಯಾಕ್ಟ್ ಮೈಕ್ ಬೇಕು. ವಾದ್ಯದ ಮೈಗೆ ಅಂಟಸೂದು. ಅದು ಗಾಳಿ ಕೇಳಂಗಿಲ್ಲ, ಕಟಗಿ ಕೇಳ್ತೈತಿ."

ಸಾಹೇಬರು ಜನ್ಮದಲ್ಲಿ ಆಡಿದ ಒಂದೇ ಸತ್ಯವಾದ ಮಾತು ಅದು. ಅದರ ಅರ್ಥ ನಮಗ್ಯಾರಿಗೂ ಆಗಲಿಲ್ಲ, ಅವರಿಗೂ ಆಗಿರಲಿಲ್ಲವೆಂದು ಆಮೇಲೆ ತಿಳಿಯಿತು.

ಕೊರಿಯರಿನಲ್ಲಿ ಮೂರು ಬಂದವು. ಹಿತ್ತಾಳೆ ಬಣ್ಣದ ತೆಳ್ಳನೆಯ ಬಿಲ್ಲೆ, ಕೂಸಿನ ಉಡಿದಾರಕ್ಕೆ ಕಟ್ಟುವಂಥದ್ದು, ಅದರ ಬಾಲಕ್ಕೆ ಕೂದಲಿನಂಥ ವೈರು. ನಾವು ಅದಕ್ಕೆ ಬಿಲ್ಲೆ ಎಂದೇ ಹೆಸರಿಟ್ಟೆವು. ಮೂರಿದ್ದವು ಎಂದ ಮೇಲೆ ಮೂರು ವಾದ್ಯಕ್ಕೂ ಅಂಟಿಸಲೇಬೇಕಲ್ಲ. ಸಾಹೇಬರ ಮನೆಯಲ್ಲೇ ಮೊದಲು ಪೇಟಿಗೆ ಅಂಟಿಸಿದರು. ಪೇಟಿ ಬಾರಿಸುವವಳು ಅಧ್ಯಕ್ಷೆಯ ತಂಗಿ, ಬೆರಳಿಗೊಂದರಂತೆ ಉಂಗುರ. ಆ ಬಿಲ್ಲೆ ಸ್ವರವನ್ನು ಬಿಟ್ಟು ಉಂಗುರಗಳನ್ನು ಹಿಡಿಯಿತು. ಕಟಕಟ, ಟಕಟಕ, ನಡುವೆ ಎಲ್ಲೋ ಒಂದು ರಾಗ. ಅಷ್ಟರಲ್ಲಿ ಪೇಟಿಯ ಮೇಲಿಟ್ಟಿದ್ದ ಆಕೆಯ ಫೋನು ನಡುಗಿತು. ಮನೆಯೊಳಗೆ ಬೋರ್‌ವೆಲ್ ಕೊರೆದ ಸದ್ದು. ಅಡುಗೆಮನೆಯಿಂದ ಅಧ್ಯಕ್ಷೆ ಓಡಿ ಬಂದಳು.

ಢೋಲಕ್ ಬಾರಿಸುವವರು ನಮ್ಮ ಎದುರು ಮನೆಯವರು, ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಟೀಚರು. ತಮ್ಮ ಢೋಲಕಿಗೆ ಬಿಲ್ಲೆ ಹಚ್ಚಿಸಿಕೊಂಡು ಒಂದೇ ಪೆಟ್ಟು ಹಾಕಿದರು, ಕಿಟಕಿಯ ಗಾಜು ಅದುರಿತು. "ಇದು ಢೋಲಕ್ ಅಲ್ಲ ಸಾಹೇಬ್ರ, ಕಲ್ಲಿನ ಖಣಿ," ಎಂದು ಬಿಲ್ಲೆಯನ್ನು ಕಿತ್ತು ಅವರ ಅಂಗೈಯಲ್ಲಿಟ್ಟರು. ಉಳಿದದ್ದು ಏಕತಾರಿ.

ಎಣ್ಣೆ ಕುಡಿದು ಮಿರಿಮಿರಿ ಮಿಂಚುವ ಬುರುಡೆಗೆ ಯಾವ ಅಂಟು ತಾನೇ ನಿಂತೀತು? ಎರಡೂ ಬದಿ ಅಂಟುವ ಟೇಪು ಜಾರಿತು. ಟೀಚರು ಢೋಲಕಿನ ಎಡಕ್ಕೆ ಹಚ್ಚುವ ಕಣಕದ ಮುದ್ದೆ ಕೊಟ್ಟರು. ಅದು ಒಣಗಿ, ಬಿರಿದು, ಬಿಲ್ಲೆಯ ಸಮೇತ ಅತ್ತೆಯ ಉಡಿಯಲ್ಲಿ ಬಿತ್ತು. ಸಾಹೇಬರು ನಲ್ಲಿ ರಿಪೇರಿಯವರು ಹಚ್ಚುವ ಗಟ್ಟಿ ಅಂಟು ತಂದರು. "ನನ್ನ ಬುರುಡಿಗೆ ಸಿಮೆಂಟ್ ಹಚ್ಚಾಕ ಬಂದೀಯೇನು? ಮೊದಲ ನಿನ್ನ ಬುರುಡಿಗೆ ಹಚ್ಕೋ, ನೋಡೂಣು," ಎಂದಳು ಅತ್ತೆ. ಕಡೆಗೆ ನನ್ನ ಹಳೆಯ ಇಳಕಲ್ ಸೀರೆಯ ಅಂಚು ಹರಿದು, ಗಾಯಕ್ಕೆ ಪಟ್ಟಿ ಕಟ್ಟಿದಂತೆ ಬಿಲ್ಲೆಯನ್ನು ಕಟ್ಟಿದ್ದಾಯಿತು.

ಎಲ್ಲಿ ಕಟ್ಟಬೇಕೆಂಬುದು ಇನ್ನೊಂದು ರಾಮಾಯಣ. ಬುರುಡೆಯ ಬೆನ್ನಿಗೆ ಕಟ್ಟಿದರೆ ಸೀರೆಯ ಸರಬರ, ಅದರ ಜೊತೆಗೆ ಅತ್ತೆಯ ಹೊಟ್ಟೆಯ ಗುಡುಗುಡು. ಮಧ್ಯಾಹ್ನ ಅವರೆಕಾಳು ಉಂಡದ್ದು ಮಂಡಳಿಗೆಲ್ಲ ಗೊತ್ತಾಯಿತು. ಬಿದಿರಿಗೆ ಕಟ್ಟಿದರೆ ಬರೀ ಉಗುರಿನ ಸದ್ದು. ಕೊನೆಗೆ ತಂತಿಯ ಕೆಳಗೆ ಒಂದು ಪುಟ್ಟ ಕಟ್ಟಿಗೆಯ ಕುದುರೆ ಇರುತ್ತದಲ್ಲ, ತಂತಿಯನ್ನು ಎತ್ತಿ ಹಿಡಿಯುವುದು, ಅದರ ಮಗ್ಗುಲಿಗೆ ಕಟ್ಟಿ ಸಾಹೇಬರು ಗುಂಡಿ ತಿರುವಿದರು. ಅತ್ತೆ ತೋರುಬೆರಳಿನಿಂದ ತಂತಿ ಮೀಟಿದಳು. ಕೋಣೆಯ ಮೂಲೆಯಲ್ಲಿದ್ದ ಸ್ಪೀಕರಿನಿಂದ ತಂತಿ ಟಣ್ ಎಂದು, ಆಮೇಲೆ ಉದ್ದಕ್ಕೆ ಝೇಂಕರಿಸಿತು. ಅತ್ತೆ ಬೆಚ್ಚಿ ಹಿಂದೆ ತಿರುಗಿ, ಬಾರಿಸಿದವರು ಯಾರೆಂದು ನೋಡಿದಳು. ತಾನೇ ಎಂದು ಗೊತ್ತಾದಾಗ ಆಕೆಯ ಮುಖ ನೋಡಬೇಕಿತ್ತು.

"ಆತಲ್ರಿ, ಕೇಳಿಸ್ತಲ್ರಿ. ಅತ್ತಿಯವರು ಇರಲಿ," ಎಂದಳು ಅಧ್ಯಕ್ಷೆ, ಹಲ್ಲಿಗೆ ಕಲ್ಲು ಸಿಕ್ಕವಳ ಹಾಗೆ. "ಟಿಕೋಟಾದ ಕಾರ್ಯಕ್ರಮದಾಗ ನೋಡೂಣು. ಅಲ್ಲಿ ಚಲೋ ಬಂದ್ರ ಮುಂದ ಬಬಲೇಶ್ವರದ ಸ್ಪರ್ಧಾಕ್ಕೂ ಕರ್ಕೊಂಡು ಹೋಗೂಣು. ಇಲ್ಲಂದ್ರ ಪೆಟ್ಟಿಗಿ ತರೂಣು."

ಟಿಕೋಟಾದಲ್ಲಿ ಒಬ್ಬ ಒಣದ್ರಾಕ್ಷಿ ವ್ಯಾಪಾರಿಯ ಹೊಸ ಮನೆಯ ವಾಸ್ತುಶಾಂತಿ. ನಮ್ಮ ವೇದಿಕೆ ದ್ರಾಕ್ಷಿ ಒಣಗಿಸುವ ಶೆಡ್ಡಿನ ಮುಂದೆ. ಬಿಜ್ಜರಗಿ ಕಡೆಯಿಂದೆಲ್ಲ ಬೀಗರು ಬಂದಿದ್ದರು. ವೇದಿಕೆ ಏರುವ ಮುಂಚೆ ವಾದ್ಯಗಳ ಪೂಜೆ ನಮ್ಮಲ್ಲಿ ತಪ್ಪುವುದಿಲ್ಲ. ಅವತ್ತು ಅತ್ತೆಯ ಉತ್ಸಾಹ ಹೇಳತೀರದು. ಬುರುಡೆಗೆ ಎರಡು ಸಲ ಎಣ್ಣೆ ಒರೆಸಿದಳು. ವಿಭೂತಿ ಬುರುಡೆಗೆ ಮಾತ್ರವಲ್ಲ, ಬಿಲ್ಲೆಗೂ ಬಿತ್ತು. "ಅದೂ ವಾದ್ಯನ ಅಲ್ಲೇನು, ಅದಕ್ಯಾಕ ಬರೇ ಹಣಿ?" ಅದರ ಮೇಲೆ ಮಲ್ಲಿಗೆ, ಸೇವಂತಿಗೆ ಸೇರಿಸಿ ಕಟ್ಟಿದ ದಪ್ಪ ಮಾಲೆ.

ಸಾಹೇಬರು ಗುಂಡಿ ಏರಿಸಿದ ಕೂಡಲೇ ಸ್ಪೀಕರಿನಿಂದ ಕರಕರ, ಕರಕರ. ಇಲಿ ಜೋಳದ ಚೀಲ ಕೊರೆಯುವ ಸದ್ದು. ಹೂವು ಬಿಲ್ಲೆಗೆ ತಿಕ್ಕುತ್ತಿತ್ತು.

"ಆ ಮಾಲಿ ತಗೀರಿ ಅತ್ತಿ," ಎಂದರು ಸಾಹೇಬರು.

"ಹೂ ತಗದು ವಾದ್ಯ ಮುಟ್ಟಂಗಿಲ್ಲ. ನಮ್ಮಪ್ಪ ಮುಟ್ಟಿಲ್ಲ, ನಾ ಮುಟ್ಟಂಗಿಲ್ಲ."

ಇಲ್ಲಿ ಅಧ್ಯಕ್ಷೆಯೂ ಅತ್ತೆಯ ಪಕ್ಷ ಹಿಡಿದಳು. ಹೊಸ ಮನೆಯ ಕಾರ್ಯದಲ್ಲಿ ಪೂಜೆಯ ಹೂವು ಕಿತ್ತರೆ ಅಪಶಕುನ, ನಾಳೆ ಆ ಮನೆಯವರಿಗೆ ಕೆಮ್ಮು ಬಂದರೂ ನಮ್ಮ ಮಂಡಳಿಯ ಹೆಸರು ಬರುತ್ತದೆ. ಒಬ್ಬ ಗಂಡಸು, ಇಷ್ಟು ಹೆಂಗಸರು. ಸಾಹೇಬರು ಡಬ್ಬಿಯ ಮೇಲೆ ಬಗ್ಗಿ ಒಂದು ಗುಂಡಿಯನ್ನು ತಳದ ತನಕ ಇಳಿಸಿದರು. ಕರಕರ ನಿಂತಿತು. ಇನ್ನೊಂದನ್ನು ತಲೆಯ ತನಕ ಏರಿಸಿದರು. ಪೇಟಿ ಸುರುವಾಯಿತು, ಹಾಡು ಎದ್ದಿತು, ಅದರ ಕೆಳಗಿನಿಂದ ದಪ್ಪನೆಯ ಗುಂಯ್ ಎಂಬ ನಾದ ಶೆಡ್ಡನ್ನೆಲ್ಲ ತುಂಬಿತು. ನಮ್ಮ ಪೇಟಿಯ ಶ್ರುತಿಗೆ, ಬಿಳಿ ಐದಕ್ಕೆ, ಕೂಡಿಯೂ ಕೂಡದ ಹಾಗೆ, ಆದರೆ ಯಾರು ಅಷ್ಟು ನೋಡುತ್ತಾರೆ? ಸಾಹೇಬರು ಕೈ ಮುಗಿದರು. "ನಾದ ಅಂದ್ರ ಇದು," ಎಂದರು.

ಆ ಎರಡು ಗುಂಡಿಗಳನ್ನು ಯಾರೂ ಮುಟ್ಟಬಾರದೆಂದು ಅವುಗಳ ಮೇಲೆ ಟೇಪು ಹಚ್ಚಿಬಿಟ್ಟರು. ಹಾಡು ಸುರುವಾದಾಗ ಮೂರನೆಯ ಗುಂಡಿಯಿಂದ ಮೆಲ್ಲಗೆ ನಾದ ಏರಿಸುವುದು, ಮುಗಿದಾಗ ಮೆಲ್ಲಗೆ ಇಳಿಸುವುದು ಇಷ್ಟೇ ಕೆಲಸ. ಅದನ್ನೂ ಆರತಿ ಎತ್ತುವವರ ಭಕ್ತಿಯಿಂದ ಮಾಡುತ್ತಿದ್ದರು.

ಊಟಕ್ಕೆ ಕೂತಾಗ ಬಂದವರೆಲ್ಲ ಅತ್ತೆಯನ್ನೇ ಹೊಗಳಿದರು. "ಅಜ್ಜಿ, ಏಕತಾರಿ ಹೆಂಗ ಗುಂಯ್ ಅನ್ನಾಕತ್ತಿತ್ತ, ಎದಿಯೊಳಗ ಕುಂತಂಗ ಆತು." ಅತ್ತೆ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುವುದನ್ನೂ ಮರೆತಳು.

ಅವತ್ತಿನಿಂದ ನಮ್ಮ ಮನೆಯಲ್ಲಿ ನಾವು ಬದುಕಿದ್ದೇ ಕಷ್ಟದಿಂದ. ಗುಂಗಿನಲ್ಲಿದ್ದವಳಿಗೆ ಉಪ್ಪು ಕಡಿಮೆಯಾದದ್ದು ಮಾತ್ರ ತಪ್ಪದೆ ಗೊತ್ತಾಗುತ್ತಿತ್ತು. ಇಟ್ಟಂಗಿಹಾಳದ ತಂಗಿಗೆ ಫೋನು ಮಾಡಿ, "ನಾ ಮೀಟಿದ್ರ ಟಿಕೋಟಾ ಅದುರ್ತು," ಎಂದಳು. ತಾಲೀಮಿನಲ್ಲಿ ಅಧ್ಯಕ್ಷೆಗೇ, "ನೀ ದನಿ ಸ್ವಲ್ಪ ತಗ್ಗಸು, ನಂದು ಮುಚ್ಚಾಕತ್ತೈತಿ," ಎಂದುಬಿಟ್ಟಳು. ಹಿಂದಿನ ಸಾಲಿನಿಂದ ಎದ್ದು ಬಂದು ಪೇಟಿಯ ಮಗ್ಗುಲಿಗೆ ಕೂತಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ನಾನು ಗೊಣಗಿದೆ. ಆದರೆ ಒಳಗೊಳಗೆ ನನಗೆ ಸಂತೋಷವಾಗಿತ್ತು. ಇಷ್ಟು ಕಾಲ ಕಂಬಕ್ಕೆ ಬೆನ್ನು ಹಚ್ಚಿ ಕೂತವಳು ಒಮ್ಮೆ ಕೊಡೆ ಹಿಡಿದರೆ ಯಾರ ಗಂಟೇನು ಹೋಗುತ್ತದೆ?

ಬಬಲೇಶ್ವರದ ಸ್ಪರ್ಧೆ ಮಧ್ಯಾಹ್ನದ್ದು. ಬಿಸಿಲಿಗೆ ಪೆಂಡಾಲಿನ ಬಟ್ಟೆ ಹಪ್ಪಳವಾಗಿತ್ತು. ಒಂದರ ಮೇಲೊಂದು ಮಂಡಳಿ ಬಂದು ಹಾಡಿ ಹೋಗುತ್ತಿತ್ತು, ನಿರ್ಣಾಯಕರು ತೂಕಡಿಸುತ್ತ ಅಂಕ ಹಾಕುತ್ತಿದ್ದರು. ನಮ್ಮ ಸರದಿ ಬಂತು. ಎಣ್ಣೆ, ವಿಭೂತಿ, ಮಾಲೆ ಎಲ್ಲ ಯಥಾಪ್ರಕಾರ. ಮೊದಲ ಹಾಡು ಚೆನ್ನಾಗಿಯೇ ಆಯಿತು. ಗುಂಯ್ ನಾದ ಕೇಳಿ ನಿರ್ಣಾಯಕರಲ್ಲಿ ಜರಿ ಶಾಲು ಹೊದ್ದ ಒಬ್ಬರು ಕಣ್ಣು ತೆರೆದು ನೇರ ಕೂತರು.

ಎರಡನೆಯ ಹಾಡಿನ ಮೊದಲ ನುಡಿಯಲ್ಲಿ ಅತ್ತೆಯ ಮೂಗಿನ ಮೇಲೆ ನೊಣ ಕೂತಿತು. ಮುಖ ಕಿವುಚಿದಳು, ಹೋಗಲಿಲ್ಲ. ತಲೆ ಅಲ್ಲಾಡಿಸಿದಳು, ಹೋಗಲಿಲ್ಲ. ಕಡೆಗೆ ಮೀಟುವ ಕೈಯನ್ನೇ ಎತ್ತಿ ಓಡಿಸಿದಳು. ನಾನು ಪಕ್ಕದಲ್ಲೇ ತಾಳ ಹಿಡಿದು ಕೂತಿದ್ದೆ. ಆಕೆಯ ಕೈ ಮೂಗಿನ ಹತ್ತಿರ ಹಾಗೇ ನಿಂತುಬಿಟ್ಟಿತು. ನಾದ ನಿಂತಿರಲಿಲ್ಲ.

ಅತ್ತೆ ಕೈಯನ್ನು ನಿಧಾನಕ್ಕೆ ಇಳಿಸಿದಳು, ತಂತಿಯ ಮೇಲಲ್ಲ, ತೊಡೆಯ ಮೇಲೆ. ಗುಂಯ್ ಎನ್ನುತ್ತಲೇ ಇತ್ತು. ಒಂದು ನುಡಿ ಮುಗಿಯಿತು. ಇನ್ನೊಂದು ನುಡಿ ಮುಗಿಯಿತು. ಅಧ್ಯಕ್ಷೆ ಹಾಡುತ್ತಿದ್ದಳು, ಪೇಟಿಯವಳು ಉಂಗುರ ಕುಣಿಸುತ್ತಿದ್ದಳು, ಸಾಹೇಬರು ಕಣ್ಣು ಮುಚ್ಚಿ ನಾದದಲ್ಲಿ ತೇಲುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ. ಅತ್ತೆ ನನ್ನ ಕಡೆ ನೋಡಿದಳು. ಬೈದಿದ್ದರೆ, ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಸುಮ್ಮನೆ ನೋಡಿದಳು. ನನ್ನ ತಾಳ ತಪ್ಪಿತು. ಅದನ್ನೂ ಯಾರೂ ಗಮನಿಸಲಿಲ್ಲ. ಕೊನೆಯ ನುಡಿಗೆ ಅತ್ತೆ ಮತ್ತೆ ಬೆರಳು ತಂತಿಗೆ ಹಚ್ಚಿ ಹಾಡು ಮುಗಿಸಿದಳು, ಅದೂ ಮರ್ಯಾದೆಗೆ.

ಬಹುಮಾನ ಸಾರುವ ಹೊತ್ತಿಗೆ ಜರಿ ಶಾಲಿನವರು ಮೈಕು ಹಿಡಿದರು. "ಇವತ್ತ ಇಷ್ಟು ಮಂಡಳಿ ಬಂದ್ರೂ ಶ್ರುತಿ ಅಂದ್ರ ಏನಂತ ತೋರಿಸಿದ್ದು ವಿಜಯಪುರದಿಂದ ಬಂದ ಅಜ್ಜಿಯ ಏಕತಾರಿ. ಒಂದು ಕ್ಷಣ ಸೈತ ಕಡೀಲಿಲ್ಲ. ಅವರಿಗೆ ವಿಶೇಷ ಸನ್ಮಾನ." ಚಪ್ಪಾಳೆ ಬಿತ್ತು. ಅಧ್ಯಕ್ಷೆ ಎದ್ದು ನಿಂತು ಅತ್ತೆಯನ್ನು ತಾನೇ ಹೆತ್ತವಳ ಹಾಗೆ ವೇದಿಕೆಗೆ ನಡೆಸಿಕೊಂಡು ಹೋದಳು. ನಾನು ಬೆನ್ನ ಹಿಂದಿನಿಂದ, "ಸುಮ್ನ ಶಾಲು ಹೊಚ್ಚಿಸಿಕೊಂಡು ಬಾ ಯತ್ತಿ," ಎಂದು ಪಿಸುಗುಟ್ಟಿದೆ. ಆ ಶಾಲು ಹೆಗಲ ಮೇಲೆ ಬಿದ್ದರೆ ಆಕೆಯನ್ನು ಸಾಯುವ ತನಕ ಮಂಡಳಿಯಿಂದ ಎಬ್ಬಿಸುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಅದು ಆಕೆಗೂ ಗೊತ್ತಿತ್ತು.

ಅತ್ತೆ ಶಾಲಿಗೆ ಹೆಗಲು ಕೊಡಲಿಲ್ಲ. ಮೈಕಿನ ಮುಂದೆ ನಿಂತಳು. ಅದು ಆಕೆಯ ಮೊದಲ ಮೈಕು.

"ನಂದು ಕೇಳಿಸ್ತೇನ್ರಿ ನಿಮಗ?"

"ಭಾಳ ಚಂದ ಕೇಳಿಸ್ತು, ಅಜ್ಜಿ."

"ಎರಡನೇ ಹಾಡಿನ್ಯಾಗ ಎರಡು ನುಡಿ ನಾ ಬಾರಿಸೇ ಇಲ್ಲ. ಕೈ ತೊಡಿ ಮ್ಯಾಲಿತ್ತು. ಆವಾಗೂ ಕೇಳಿಸ್ತೇನ್ರಿ?"

ಜರಿ ಶಾಲಿನವರು ಒಂದು ಗಳಿಗೆ ತಡವರಿಸಿದರು. ಆದರೆ ಭಾಷಣದ ಅಭ್ಯಾಸ ಇದ್ದವರು ಹಾಗೆಲ್ಲ ಮುಳುಗುವುದಿಲ್ಲ. "ಮೀಟದನ ಬರೂ ನಾದಕ್ಕ ಅನಾಹತ ನಾದ ಅಂತ ದೊಡ್ಡವರು ಹೇಳ್ಯಾರ, ಅಜ್ಜಿ. ಅದು ಎಲ್ಲಾರಿಗೂ ಸಿಗಂಗಿಲ್ಲ," ಎಂದರು. ಮತ್ತೆ ಚಪ್ಪಾಳೆ, ಮೊದಲಿನದಕ್ಕಿಂತ ಜೋರಾಗಿ. ಮುಂದಿನ ಸಾಲಿನ ಒಬ್ಬಳು ಕೈ ಮುಗಿದೇಬಿಟ್ಟಳು.

"ಹಂಗಾದ್ರ ಈ ಶಾಲು ಕರೆಂಟಿನ ಕಂಬಕ್ಕ ಹೊಚ್ಚರಿ," ಎಂದು ಅತ್ತೆ ಮೆಟ್ಟಿಲಿಳಿದಳು.

ಸಾಹೇಬರಿಗೆ ಇದು ತಮ್ಮ ಗುಂಡಿಗಳ ಮಾನದ ಪ್ರಶ್ನೆಯಾಯಿತು. ಎಲ್ಲರೆದುರು ತೋರಿಸಿಯೇ ಬಿಡುತ್ತೇನೆಂದು ಎದ್ದು ಬಂದು ಏಕತಾರಿಯ ಮಾಲೆ ಎತ್ತಿದರು. ಮಾಲೆಯ ಜೊತೆಗೆ ಬಿಲ್ಲೆಯೂ ಎದ್ದು ಬಂತು. ಎಣ್ಣೆಗೆ ಪಟ್ಟಿ ಸಡಿಲಾಗಿ, ಬಿಲ್ಲೆ ಯಾವಾಗಲೋ ಕುದುರೆಯ ಮಗ್ಗುಲಿನಿಂದ ಜಾರಿ ಸೇವಂತಿಗೆಯ ನಡುವೆ ಬೆಚ್ಚಗೆ ಕೂತಿತ್ತು. ಟಿಕೋಟಾದಲ್ಲೂ ಹಾಗೇ ಆಗಿರಬೇಕು. ಕಟ್ಟಿಗೆಯನ್ನು ಕೇಳಬೇಕಾದ ಮೈಕು ಹೂವನ್ನು ಕೇಳಿತ್ತು, ಹೂವಿನ ಸದ್ದನ್ನು ಸಾಹೇಬರು ಗುಂಡಿ ಇಳಿಸಿ ಕೊಂದಿದ್ದರು, ಉಳಿದದ್ದು ವೈರಿನೊಳಗಿನ ಕರೆಂಟಿನ ಗುಂಯ್. ಅದು ಏನೂ ಇಲ್ಲದ ವೈರಿನಲ್ಲೂ ಬರುತ್ತದಂತೆ. "ಅರ್ಥಿಂಗ್ ಸರಿ ಇರಲಿಲ್ಲ," ಎಂದು ಸಾಹೇಬರು ಗಾಡಿಯಲ್ಲಿ ವಿಜಯಪುರ ಬರುವ ತನಕ ವಿವರಿಸಿದರು. ಯಾರೂ ಕೇಳಲಿಲ್ಲ. ಅಧ್ಯಕ್ಷೆ ಕಿಟಕಿಯ ಹೊರಗೆ ಮುಖ ಮಾಡಿದ್ದಳು. ಟೀಚರು ಮಾತ್ರ ತಮ್ಮ ಡಬ್ಬಿಯಿಂದ ಎಲೆ ತೆಗೆದು ಸುಣ್ಣ ಹಚ್ಚಿ ಅತ್ತೆಗೆ ಕೊಟ್ಟರು. ಅತ್ತೆ ಅಗಿಯುತ್ತ ಕೂತಳು. ನನಗೆ ಆಕೆಯ ಮೇಲೆ ಸಿಟ್ಟೂ ಬಂದಿತ್ತು, ಹೆಮ್ಮೆಯೂ ಆಗಿತ್ತು. ಯಾವುದು ಹೆಚ್ಚೆಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಮುಂದಿನ ಸೋಮವಾರ ಮಂಡಳಿಗೆ ಶ್ರುತಿಪೆಟ್ಟಿಗೆ ಬಂತು. ಅತ್ತೆ ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ. ನಾನು ಹೋದೆ. ನನಗೆ ತಾಳವೂ ಬೇಕು, ತಾಲೀಮಿನ ನಂತರದ ಚುರುಮುರಿಯೂ ಬೇಕು. ಅದರಲ್ಲಿ ಮುಚ್ಚುಮರೆ ಏನಿದೆ? ಪೆಟ್ಟಿಗೆ ಚೊಕ್ಕಟವಾಗಿ ಬಾರಿಸಿತು. ಆದರೆ ಅಧ್ಯಕ್ಷೆಗೆ ಸಮಾಧಾನವಿಲ್ಲ. ಅಳೆದೂ ಸುರಿದೂ ಎರಡು ವಾರದ ಮೇಲೆ ಗಂಡನ ಜೊತೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ಪೇಢೆಯ ಡಬ್ಬಿ.

"ಪೆಟ್ಟಿಗಿ ಚಲೋ ಐತ್ರಿ ಅತ್ತಿ. ಆದ್ರ ವೇದಿಕಿ ಮ್ಯಾಲೆ ಕಾಣಸಾಕ ಒಂದು ವಾದ್ಯ ಬೇಕಲ್ರಿ, ನಿರ್ಣಾಯಕರು ಅದನ್ನ ನೋಡ್ತಾರ. ಏಕತಾರಿ ಅಷ್ಟ ಕೊಡ್ರಿ. ನನ್ನ ಸೊಸಿ ಹಿಡಕೊಂಡು ಕೂಡ್ತಾಳ. ಪೆಟ್ಟಿಗಿ ಹಿಂದ ಇಡ್ತೇವಿ."

"ಸೊಸಿ ಮೀಟಬೇಕೋ, ಬ್ಯಾಡೋ?" ಎಂದಳು ಅತ್ತೆ.

"ಬೆರಳು ಆಡ್ಸಿದ್ರ ಸಾಕ್ರಿ."

ಅತ್ತೆ ಒಳಗೆ ಹೋದಳು. ಒಲೆಯ ಮೇಲಿನ ಹಲಗೆಯಿಂದ ನಾವು ಬೀಜಕ್ಕೆ ಇಟ್ಟಿದ್ದ ಒಣ ಸೋರೆಕಾಯಿ ತಂದು ಅಧ್ಯಕ್ಷೆಯ ಮಡಿಲಲ್ಲಿಟ್ಟಳು. "ಇದಕ್ಕ ತಂತಿ ಇಲ್ಲ, ಬೆರಳಿಗೆ ಹತ್ತಂಗಿಲ್ಲ," ಎಂದಳು. ಪೇಢೆಯನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.

ಆಮೇಲೆ ಬಹಳ ದಿನ ಏಕತಾರಿ ಗೂಟದ ಮೇಲೇ ಇತ್ತು. ಸೋಮವಾರದ ಎಣ್ಣೆಯೂ ನಿಂತಿತು. ಮೊಣಕಾಲು ನೋವು ರಜೆ ಮುಗಿಸಿ ಬಂದು ಖಾಯಮ್ಮಾಗಿ ಕೂತಿತು. ಆಕೆ ಜಗಳ ಆಡುವುದನ್ನೂ ಕಡಿಮೆ ಮಾಡಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಉಪ್ಪು ಹಾಕದೆ ಸಾರು ಬಡಿಸಿ ನೋಡಿದೆ. ಸುಮ್ಮನೆ ಉಂಡಳು.

ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಕರೆಂಟೂ ಇರಲಿಲ್ಲ, ಫ್ಯಾನು ನಿಂತಿತ್ತು. ಅತ್ತೆ ಏನು ತಿಳಿದಳೋ, ಗೂಟದಿಂದ ಏಕತಾರಿ ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಗೋಡೆಗೆ ಬೆನ್ನು ಹಚ್ಚಿ ಮೀಟತೊಡಗಿದಳು. ಹಾಡಿಲ್ಲ, ಪೇಟಿಯಿಲ್ಲ, ತಂತಿಯೊಂದೇ. ಮೊರದಲ್ಲಿ ಜೋಳ ಕೇರುವ ಕೈ ನಿಲ್ಲಿಸಿ ಕೇಳಿದೆ. ಇಷ್ಟು ವರ್ಷ ಆಕೆಯ ಮಗ್ಗುಲಿಗೇ ಕೂತು ತಾಳ ಹಾಕಿದವಳು ನಾನು, ಅದನ್ನು ಸ್ಪೀಕರಿಲ್ಲದೆ ಒಂಟಿಯಾಗಿ ಕೇಳುತ್ತಿದ್ದದ್ದು ಅದೇ ಮೊದಲು. ತಂತಿ ಚೆನ್ನಾಗಿ ನುಡಿಯುತ್ತಿತ್ತು, ಆದರೆ ನುಡಿಯುತ್ತ ನುಡಿಯುತ್ತ ಕೆಳಗೆ ಜಾರುತ್ತಿತ್ತು.

"ಇಳದೈತಿ, ಯತ್ತಿ," ಎಂದೆ.

ಆಕೆಯ ಬೆರಳು ನಿಂತಿತು. "ಏನು?"

"ತಂತಿ. ಇಳದೈತಿ."

ಬೈಗುಳಕ್ಕೆ ಸಿದ್ಧಳಾಗಿಯೇ ಕೂತೆ. ಬುರುಡೆಯ ಸುದ್ದಿ, ನನ್ನ ತವರಿನ ಸುದ್ದಿ, ಎಲ್ಲ ಸಾಲಾಗಿ ಬರುತ್ತವೆಂದುಕೊಂಡೆ. ಅತ್ತೆ ಏಕತಾರಿಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ ನನ್ನ ಕಡೆ ತಿರುಗಿದಳು.

"ಕೇಳಿಸ್ತೇನು ನಿನಗ?"

"ಕೇಳಿಸ್ತು."

"ಮದಿವಿ ಆಗಿ ಈ ಊರಿಗೆ ಬಂದಾಗಿಂದ ಹಿಂಗ ಒಬ್ಬರೂ ಅಂದಿರಲಿಲ್ಲ ಬೇ," ಎಂದಳು. ಬಿದಿರಿನ ತುದಿಯ ಬಿರಡೆಯನ್ನು ಒಂದಿಷ್ಟು ಬಿಗಿ ಮಾಡಿ, ಮತ್ತೆ ಮೀಟಿ, ಕಿವಿಯನ್ನು ತಂತಿಯ ಕಡೆಗಲ್ಲ, ನನ್ನ ಕಡೆಗೆ ಇಟ್ಟು ಕೇಳಿದಳು.

"ಈಗ?"